ನನ್ನ ಮುದ್ದೆಗೆ ಮಾತ್ರ ತುಪ್ಪ

ನಮ್ಮ ಅತ್ತೆ ತುಪ್ಪದ ವಿಷಯದಲ್ಲಿ ಎಂಥವರು ಎಂದು ಮೊದಲೇ ಹೇಳಿಬಿಡುತ್ತೇನೆ. ಹಬ್ಬದ ದಿನ ಒಬ್ಬಟ್ಟಿಗೆ ತುಪ್ಪ ಬಡಿಸುವಾಗ ಚಮಚವನ್ನು ಅವರು ಎಷ್ಟು ಬೇಗ ಎತ್ತುತ್ತಿದ್ದರೆಂದರೆ, ಬಿದ್ದಿತೋ ಇಲ್ಲವೋ ಎಂದು ಒಬ್ಬಟ್ಟನ್ನು ಮೂಸಿ ನೋಡಬೇಕಾಗಿತ್ತು. ಮದುವೆಯಾಗಿ ಬಂದು ಹನ್ನೊಂದು ವರ್ಷ ಅವರ ಕೈಯ ಊಟ ಉಂಡಿದ್ದೆ. ವಾರದ ದಿನಗಳಲ್ಲಿ ಮುದ್ದೆಯ ಮೇಲೆ ತುಪ್ಪ ಕಂಡವಳಲ್ಲ. ಅಂಥವರು ಒಂದು ಮಧ್ಯಾಹ್ನ ನನ್ನ ಮುದ್ದೆಯ ನೆತ್ತಿಯನ್ನು ಹೆಬ್ಬೆರಳಿನಿಂದ ಒತ್ತಿ ಗುಳಿ ಮಾಡಿ, ಗುಳಿ ತುಂಬ ತುಪ್ಪ ಹಾಕಿ, ಉಣ್ಣು, ಸೊರಗಿದ್ದೀಯ ಎಂದರು. ಗಂಡನ ಮುದ್ದೆಗೆ ಇಲ್ಲ, ಮಗಳ ಮುದ್ದೆಗೆ ಇಲ್ಲ, ಅವರದಕ್ಕಂತೂ ಇಲ್ಲವೇ ಇಲ್ಲ. ಕಾರಣವಿಲ್ಲದೆ ಸೊಸೆಗೆ ತುಪ್ಪ ಹಾಕುವ ಅತ್ತೆಯನ್ನು ನಂಬುವವಳು ಪೆದ್ದಿ. ನನಗೆ ಹುಚ್ಚು ಹಿಡಿದಿತ್ತು ಎಂದು ಬೇಕಾದರೆ ಹೇಳಿ, ಪೆದ್ದಿ ಎನ್ನಬೇಡಿ.

ಹುಚ್ಚು ಎಂಬ ಮಾತು ನನ್ನ ಬಾಯಲ್ಲಿ ಬಂದರೆ ಮಗಳಿಗೆ ಸೇರುವುದಿಲ್ಲ. ಈಗ ಪಿಯುಸಿ ಓದುತ್ತಿದ್ದಾಳೆ. ಕಾಲೇಜಿಗೆ ಯಾರೋ ಬಂದು ಭಾಷಣ ಮಾಡಿ ಹೋದ ಮೇಲೆ, ಹಾಗೆಲ್ಲ ಅನ್ನಬಾರದು, ಮೆಂಟಲ್ ಹೆಲ್ತ್ ಅನ್ನಬೇಕು ಎಂದು ನನಗೇ ಪಾಠ ಹೇಳಿದಳು. ಅನುಭವಿಸಿದವಳು ನಾನು, ಹೆಸರಿಡುವವರು ಇನ್ಯಾರೋ. ಅತ್ತೆಯ ಕಾಲದಲ್ಲಿ ಹುಚ್ಚಾಸ್ಪತ್ರೆ ಎನ್ನುತ್ತಿದ್ದುದನ್ನು ನಮ್ಮ ಕಾಲದಲ್ಲಿ ಮೆಂಟಲ್ ಆಸ್ಪತ್ರೆ ಎಂದರು, ಈಗ ಮನಸ್ಸಿನ ಆಸ್ಪತ್ರೆ ಎನ್ನುತ್ತಾರೆ. ಹೆಸರು ಬದಲಾದಾಗಲೆಲ್ಲ ನನಗೆ ಅನುಮಾನ ಬರುತ್ತದೆ, ಒಳಗೂ ಏನಾದರೂ ಬದಲಾಯಿತೋ ಅಥವಾ ಬೋರ್ಡಿಗೆ ಮಾತ್ರ ಬಣ್ಣ ಹೊಡೆದರೋ ಎಂದು.

ನಮ್ಮದು ದೊಡ್ಡಬಳ್ಳಾಪುರದ ನೇಯ್ಗೆಯ ಬೀದಿ. ನಡುಮನೆಯಲ್ಲೇ ಎರಡು ಪವರ್‌ಲೂಮ್. ಗಂಡ ಬಾಶೆಟ್ಟಿಹಳ್ಳಿಯ ಒಂದು ಫ್ಯಾಕ್ಟರಿಯಲ್ಲಿ ಶಿಫ್ಟಿನ ಮೇಲೆ ಕೆಲಸಕ್ಕೆ ಹೋಗುತ್ತಿದ್ದರಿಂದ ಮಗ್ಗ ನೋಡಿಕೊಳ್ಳುತ್ತಿದ್ದವರು ಅತ್ತೆ. ನನ್ನ ಕೆಲಸ ಕೆಚ್ಚುವುದು. ಮಗ್ಗದಲ್ಲಿ ಒಂದು ಹಾಸು, ಎಂದರೆ ಸೀರೆಯ ಉದ್ದದ ಎಳೆಗಳು, ಮುಗಿಯುತ್ತಾ ಬಂದಾಗ ಅದರ ಒಂದೊಂದು ಎಳೆಗೂ ಹೊಸ ಹಾಸಿನ ಒಂದೊಂದು ಎಳೆ ಸೇರಿಸಿ, ಬೆರಳಿಗೆ ಬೂದಿ ಮುಟ್ಟಿಸಿಕೊಂಡು ಹೊಸೆಯಬೇಕು. ಹೀಗೆ ಸಾವಿರಾರು ಎಳೆ. ಒಂದು ತಪ್ಪಿದರೆ ಸೀರೆಯ ಉದ್ದಕ್ಕೂ ಗೀಟು ಬೀಳುತ್ತದೆ. ಬೀದಿಯಲ್ಲಿ ನನ್ನಷ್ಟು ಬೇಗ ಕೆಚ್ಚುವವರು ಇರಲಿಲ್ಲ, ಇದನ್ನು ಜಂಬ ಎಂದುಕೊಂಡರೂ ಚಿಂತೆಯಿಲ್ಲ. ನಾಲ್ಕು ಮನೆಯಿಂದ ಕರೆಯುತ್ತಿದ್ದರು. ಹೆಚ್ಚು ಓದದ ನನಗೆ ಆ ಹತ್ತು ಬೆರಳೇ ಡಿಗ್ರಿ.

ಮಗಳಿಗೆ ಆರು ವರ್ಷ ತುಂಬಿದ ವರ್ಷ ನನಗೆ ಕಾಯಿಲೆ ಬಂತು. ಯಾಕೆ ಬಂತು ಎಂದು ಎಷ್ಟೋ ಡಾಕ್ಟರುಗಳು ಕೇಳಿದ್ದಾರೆ. ಗೊತ್ತಿದ್ದರೆ ನಾನೇ ಬಾಗಿಲು ಹಾಕಿಕೊಳ್ಳುತ್ತಿರಲಿಲ್ಲವೇ? ಮೊದಲು ನಿದ್ದೆ ಹೋಯಿತು. ಆಮೇಲೆ ಮಗ್ಗದ ಟಕಟಕದೊಳಗೆ ನನ್ನ ಹೆಸರು ಕೇಳಿಸತೊಡಗಿತು. ಪಕ್ಕದ ಮನೆಯವರು ಗೋಡೆಗೆ ಕಿವಿ ಕೊಟ್ಟಿದ್ದಾರೆ ಎನ್ನಿಸಿತು. ಒಂದು ದಿನ ಮಗ್ಗ ನನ್ನನ್ನು ಕೆಟ್ಟ ಮಾತಿನಲ್ಲಿ ಬೈದಾಗ ಕತ್ತರಿ ತೆಗೆದುಕೊಂಡು ಅರ್ಧ ನೇಯ್ದ ಹಾಸನ್ನು ಅಡ್ಡಡ್ಡ ಕತ್ತರಿಸಿಬಿಟ್ಟೆ. ನೇಕಾರರ ಮನೆಯಲ್ಲಿ ಹೆಂಡತಿ ಗಂಡನನ್ನು ಹೊಡೆದರೂ ಅಷ್ಟು ಗಲಾಟೆಯಾಗುವುದಿಲ್ಲ. ಬೀದಿಯೆಲ್ಲ ಬಂದು ನೋಡಿತು.

ಮೊದಲು ಸಾಸಲು ಕಡೆಯ ಒಬ್ಬ ಮಂತ್ರವಾದಿಯ ಹತ್ತಿರ ಕರೆದೊಯ್ದರು. ಆ ಕಡೆ ನಮ್ಮ ಅಜ್ಜಿಯ ಊರು. ಅಜ್ಜಿಯ ತಂಗಿಗೂ ಹೀಗೇ ಆಗಿತ್ತಂತೆ. ಅವಳನ್ನು ಕೊಟ್ಟಿಗೆಯ ಕಂಬಕ್ಕೆ ಕಟ್ಟಿ, ದಿನಾ ಬೆಳಿಗ್ಗೆ ತಲೆಯ ಮೇಲೆ ತಣ್ಣೀರು ಸುರಿದು, ಬೇವಿನ ಸೊಪ್ಪಿನಿಂದ ಹೊಡೆಯುತ್ತಿದ್ದರು ಎಂದು ಅಜ್ಜಿ ಹೇಳಿದ್ದು ನೆನಪಿದೆ. ಹೊಡೆಯುತ್ತಿದ್ದವರು ಕೆಟ್ಟವರೇನಲ್ಲ, ಅವಳ ಸ್ವಂತ ಅಣ್ಣಂದಿರು. ಹೊಡೆದಾದ ಮೇಲೆ ಅವರೇ ತುತ್ತು ಮಾಡಿ ತಿನ್ನಿಸುತ್ತಿದ್ದರಂತೆ. ನನಗೆ ಅಷ್ಟೆಲ್ಲ ಮಾಡಲಿಲ್ಲ. ನಿಂಬೆಹಣ್ಣು ಕುಯ್ದರು, ತೋಳಿಗೆ ತಾಯಿತ ಕಟ್ಟಿದರು. ತಾಯಿತ ಕಟ್ಟಿದವನು ಮದುವೆಯಾದವಳಿಗೆ ಇನ್ನೊಂದು ಮಗುವಾದರೆ ಸರಿಹೋಗುತ್ತೆ ಎಂದು ಉಪದೇಶವನ್ನೂ ಮಾಡಿದ. ಹುಚ್ಚು ಬಿಡದ ಹೊರತು ಮದುವೆಯಾಗದು, ಮದುವೆಯಾಗದ ಹೊರತು ಹುಚ್ಚು ಬಿಡದು ಎಂಬ ಗಾದೆಗೆ ಅವನು ಬಾಲ ಸೇರಿಸಿದ್ದ.

ಅದರಿಂದ ಏನೂ ಆಗದೆ ಬೆಂಗಳೂರಿನ ಬಸ್ಸು ಹತ್ತಿದೆವು. ಅತ್ತೆಯೂ ಬಂದರು. ಆಸ್ಪತ್ರೆಯ ಗೇಟಿನವರೆಗೆ ಬಂದವರು ಒಳಗೆ ಕಾಲಿಡಲಿಲ್ಲ. ಎಳನೀರು ಮಾರುವವನ ಪಕ್ಕ ಕುಕ್ಕರುಗಾಲಲ್ಲಿ ಕೂತುಬಿಟ್ಟರು. ಅವರ ಅಕ್ಕನನ್ನು ಚಿಕ್ಕ ವಯಸ್ಸಿನಲ್ಲಿ ಇಂಥದೇ ಒಂದು ಜಾಗಕ್ಕೆ ತಂದು ಬಿಟ್ಟಿದ್ದರು. ಆಗ ಅರಿವಳಿಕೆ ಕೊಡದೆ ತಲೆಗೆ ಕರೆಂಟು ಕೊಡುತ್ತಿದ್ದ ಕಾಲವಂತೆ. ನಾಲ್ಕು ತಿಂಗಳ ಮೇಲೆ ಮನೆಗೆ ಬಂದ ಅಕ್ಕ ಶಾಂತವಾಗಿದ್ದಳು, ಆದರೆ ತನ್ನ ಮಗುವನ್ನು ನೋಡಿ ಇದು ಯಾರ ಮನೆಯದು ಎಂದು ಕೇಳಿದಳು. ಈ ಕಥೆಯನ್ನು ಅತ್ತೆ ಬಸ್ಸಿನಲ್ಲಿ ನನ್ನ ಕಿವಿಯಲ್ಲಿ ಹೇಳಿದರು. ಆಸ್ಪತ್ರೆಗೆ ಹೋಗುವವಳಿಗೆ ಹೇಳುವ ಕಥೆಯೇ ಅದು? ಅವರು ಹೆದರಿದ್ದರು ಎಂದು ಈಗ ಅರ್ಥವಾಗುತ್ತದೆ. ಆಗ ಬೆದರಿಸುತ್ತಿದ್ದಾರೆ ಎಂದುಕೊಂಡೆ.

ಒಳಗೆ ಯಾರೂ ಕರೆಂಟು ಕೊಡಲಿಲ್ಲ. ಚಿಕ್ಕ ವಯಸ್ಸಿನ ಡಾಕ್ಟರು ಒಂದು ಗಂಟೆ ಕೂತು ಮಾತಾಡಿಸಿದರು, ಈಗೆಲ್ಲ ಕಾಲ ಬದಲಾಗಿದೆಯಮ್ಮ, ಹಿಂದಿನ ಹಾಗೆ ಹಿಂಸೆಯಿಲ್ಲ ಎಂದರು. ನಾನು ತಲೆಯಾಡಿಸಿದೆ. ನಿಂಬೆಹಣ್ಣು ಕುಯ್ದವನೂ ಇದೇ ಮಾತು ಹೇಳಿದ್ದ, ನಾನು ಬೇವಿನ ಸೊಪ್ಪಲ್ಲಿ ಹೊಡೆಯುವವನಲ್ಲ ಎಂದು. ಪ್ರತಿ ಕಾಲದವರೂ ತಮ್ಮ ಹಿಂದಿನವರನ್ನೇ ಕಟುಕರು ಎಂದಿದ್ದಾರೆ. ವರಾಂಡದ ಗೋಡೆಯ ಮೇಲೆ ದೊಡ್ಡ ಬೋರ್ಡು ಇತ್ತು, ರೋಗಿಯ ಹಕ್ಕುಗಳು ಎಂದು. ಹೊಸ ಕಾನೂನಂತೆ. ತನಗೆ ಯಾವ ಔಷಧ ಕೊಡುತ್ತಿದ್ದಾರೆ, ಯಾಕೆ ಕೊಡುತ್ತಿದ್ದಾರೆ ಎಂದು ತಿಳಿದುಕೊಳ್ಳುವ ಹಕ್ಕು ರೋಗಿಗೆ ಇದೆ ಎಂದು ಬರೆದಿದ್ದರು. ಔಷಧಿ ಚೀಟಿಗೆ ಕಾಯುತ್ತಾ ಅದನ್ನು ಎರಡು ಸಲ ಓದಿದೆ. ಗಂಡನಿಗೂ ಓದಲು ಹೇಳಿದೆ. ಅವರು ಫೋನು ನೋಡುತ್ತಿದ್ದರು.

ಮಾತ್ರೆ ಕೆಲಸ ಮಾಡಿತು, ಅದನ್ನು ಸುಳ್ಳು ಎನ್ನುವುದಿಲ್ಲ. ಎರಡು ವಾರದಲ್ಲಿ ಮಗ್ಗ ಬರೀ ಮಗ್ಗವಾಯಿತು. ಆದರೆ ಮೂರನೆಯ ವಾರಕ್ಕೆ ನನ್ನ ಕೈ ನಡುಗತೊಡಗಿತು. ನಾಲಿಗೆ ದಪ್ಪ, ಮುಖ ಬಿಗಿ. ಬೂದಿ ಮುಟ್ಟಿಸಿಕೊಂಡು ಎರಡು ಎಳೆ ಹಿಡಿದರೆ ಒಂದಕ್ಕೊಂದು ಸಿಗುತ್ತಲೇ ಇರಲಿಲ್ಲ. ಪಕ್ಕದ ಬೀದಿಯಿಂದ ಕೆಚ್ಚಲು ಕರೆಯಲು ಬಂದವರು ನನ್ನ ಕೈ ನೋಡಿ, ಇನ್ನೊಂದು ಸಲ ಬರ್ತೀವಿ ಎಂದು ಹೊರಟುಹೋದರು. ಆ ದಿನ ನಾನು ಬಚ್ಚಲಿನಲ್ಲಿ ಕೂತು ಅತ್ತುಬಿಟ್ಟೆ. ಮಾರನೆಯ ದಿನದಿಂದ ಮಾತ್ರೆಯನ್ನು ಕೆನ್ನೆಯ ಸಂದಿಯಲ್ಲಿ ಇಟ್ಟುಕೊಂಡು ನೀರು ಕುಡಿದು, ಆಮೇಲೆ ಉಗಿದು, ರೇಷ್ಮೆ ಕಸದ ಚೀಲದಲ್ಲಿ ಅಡಗಿಸತೊಡಗಿದೆ. ಮಗ್ಗದಿಂದ ಉಳಿದ ತುಂಡು ಎಳೆಗಳನ್ನು ತುಂಬುವ ಚೀಲ ಅದು. ಅದಕ್ಕೆ ಯಾರೂ ಕೈಹಾಕುವುದಿಲ್ಲ ಎಂಬ ಧೈರ್ಯ.

ಕಸ ಕೊಳ್ಳುವ ಸಾಬರು ಒಬ್ಬರಿದ್ದಾರೆ ಎಂಬುದನ್ನೇ ಮರೆತಿದ್ದೆ. ತಿಂಗಳಿಗೊಮ್ಮೆ ಸ್ಕೂಟರಿನಲ್ಲಿ ಬಂದು ರೇಷ್ಮೆ ಕಸ ತೂಗಿ ಒಯ್ಯುತ್ತಿದ್ದ ವಯಸ್ಸಾದ ಮನುಷ್ಯ. ಬಲು ನಿಯತ್ತಿನವರು. ಒಂದು ಸಲ ಕಸದಲ್ಲಿ ಸಿಕ್ಕ ಕಿವಿಯೋಲೆಯ ತಿರುಪನ್ನು ತಂದುಕೊಟ್ಟಿದ್ದರು. ಈ ಸಲ ಎರಡೇ ದಿನಕ್ಕೆ ವಾಪಸು ಬಂದು ಅತ್ತೆಯ ಮುಂದೆ ಒಂದು ಕಾಗದದ ಪೊಟ್ಟಣ ಬಿಚ್ಚಿದರು. "ಅಮ್ಮಾ, ನಿಮ್ ಗುಳಿಗೆ ಎಲ್ಲಾ ಕಚರಾದಾಗೆ ಸೇರ್ಕೊಂಡೈತೆ ನೋಡಿ. ದವಾ ಅಲ್ವಾ, ದುಬಾರಿ ಇರ್ತೈತೆ, ಅದ್ಕೇ ಆರಿಸ್ಕೊಂಡ್ ಬಂದೆ."

ಮೂವತ್ತು ಚಿಲ್ಲರೆ ಮಾತ್ರೆ. ನಾನು ಒಳಗಿನಿಂದ ಕೇಳಿಸಿಕೊಂಡೆ. ಅತ್ತೆ ಬೈಯುತ್ತಾರೆ ಎಂದು ಕಾದೆ. ಕೋಪ ಬಂದರೆ ತೆಲುಗಿನಲ್ಲಿ ಶುರು ಮಾಡಿ ಕನ್ನಡದಲ್ಲಿ ಮುಗಿಸುವ ಹೆಂಗಸು ಆ ದಿನ ಎರಡೂ ಭಾಷೆ ಆಡಲಿಲ್ಲ. ತಾಯಿ ಮಗ ಇಬ್ಬರೂ ಹಿತ್ತಲಿನಲ್ಲಿ ನಿಂತು ಪಿಸುಪಿಸು ಮಾತಾಡಿದರು. ಮೂರನೆಯ ದಿನ ಮುದ್ದೆಯ ಮೇಲೆ ತುಪ್ಪ ಬಂತು.

ಉಂಡೆ. ಒಂದು ವಾರಕ್ಕೆ ಕೈ ಮತ್ತೆ ನಡುಗಿತು. ಮಾತ್ರೆ ಉಗಿಯುತ್ತಲೇ ಇದ್ದೇನೆ, ಆದರೂ ನಡುಕ. ಹಾಗಾದರೆ ಇದು ಎಲ್ಲಿಂದ ಬಂತು?

ಆ ಹೊತ್ತಿಗೆ ಬೆಂಗಳೂರಿಗೆ ಹೋಗುವುದು ಬಿಟ್ಟು, ಹತ್ತಿರದ ಒಂದು ಚಿಕ್ಕ ಧರ್ಮಾಸ್ಪತ್ರೆಗೆ ತೋರಿಸುತ್ತಿದ್ದೆವು. ಅಲ್ಲಿಗೆ ಮಂಗಳವಾರ ಮಂಗಳವಾರ ಮನಸ್ಸಿನ ಡಾಕ್ಟರು ಬರುತ್ತಿದ್ದರು. ಅವರು ಪ್ರತಿ ಸಲವೂ ಕೇಳುವ ಪ್ರಶ್ನೆಗಳ ಒಂದು ಸರಣಿ ಇತ್ತು. ನಿದ್ದೆ ಬರುತ್ತಾ, ಕಿವಿಯಲ್ಲಿ ಮಾತು ಕೇಳಿಸುತ್ತಾ, ಯಾರಾದರೂ ನಿಮ್ಮ ವಿರುದ್ಧ ಸಂಚು ಮಾಡುತ್ತಿದ್ದಾರಾ, ಊಟದಲ್ಲಿ ಏನಾದರೂ ಬೆರೆಸುತ್ತಾರೆ ಅನ್ನಿಸುತ್ತಾ. ಕೊನೆಯ ಪ್ರಶ್ನೆಗೆ ನಾನು ಹೌದು ಎಂದೆ. ತುಪ್ಪದ ವಿಷಯ ಹೇಳಿದೆ. ಡಾಕ್ಟರು ಗಂಡನ ಮುಖ ನೋಡಿದರು. ಗಂಡ ತಮ್ಮ ಚಪ್ಪಲಿ ನೋಡಿಕೊಂಡರು. ಅತ್ತೆ ಪ್ರೀತಿಯಿಂದ ತುಪ್ಪ ಹಾಕುವುದನ್ನು ಹೀಗೆ ತಪ್ಪು ತಿಳಿಯುವುದೇ ಕಾಯಿಲೆಯ ಲಕ್ಷಣ ಎಂದು ಡಾಕ್ಟರು ಸಮಾಧಾನದಿಂದ ವಿವರಿಸಿ, ಫೈಲಿನಲ್ಲಿ ಇಂಗ್ಲಿಷಿನಲ್ಲಿ ಏನೋ ಬರೆದು, ಮಾತ್ರೆ ಹೆಚ್ಚು ಮಾಡಿದರು. ಅದರ ಎರಡು ದಿನಕ್ಕೇ ನನ್ನ ನಾಲಿಗೆ ಇನ್ನಷ್ಟು ದಪ್ಪವಾಯಿತು. ಹೆಚ್ಚು ಮಾಡಿದ ಮಾತ್ರೆಯನ್ನೂ ನಾನು ಉಗಿದಿದ್ದೆ ಎಂಬುದು ನೆನಪಿರಲಿ.

ಮುಂದಿನ ತಿಂಗಳೂ ಹೌದು ಎಂದೆ, ಅದರ ಮುಂದಿನ ತಿಂಗಳೂ. ಪ್ರತಿ ಸಲವೂ ಅದೇ ಆಯಿತು. ನಾಲ್ಕನೆಯ ಸಲ ನನಗೆ ಬುದ್ಧಿ ಬಂತು. ಇಲ್ಲ ಡಾಕ್ಟರೇ, ಯಾರೂ ಏನೂ ಬೆರೆಸಲ್ಲ, ಎಲ್ಲ ನನ್ನ ಭ್ರಮೆ ಎಂದೆ. ಡಾಕ್ಟರಿಗೆ ಸಂತೋಷವಾಯಿತು. ವೆರಿ ಗುಡ್, ನಿಮಗೆ ಒಳನೋಟ ಬರುತ್ತಿದೆ ಎಂದರು. ನಿಜ ಹೇಳಿದಾಗ ರೋಗಿ, ಸುಳ್ಳು ಹೇಳಿದಾಗ ವಾಸಿ. ನಾನು ಅನುಮಾನದ ಪಿಶಾಚಿಯಾದದ್ದು ಕಾಯಿಲೆಯಿಂದಲೋ ಆ ಕೋಣೆಯಿಂದಲೋ ಎಂದು ಇವತ್ತಿಗೂ ಹೇಳಲಾರೆ. ಯಾಕೆಂದರೆ ಆ ಹೊತ್ತಿಗೆ ನನಗೇ ನನ್ನ ಮೇಲೆ ನಂಬಿಕೆ ಇರಲಿಲ್ಲ. ಮಗ್ಗ ಮಾತಾಡಿದ್ದು ಸುಳ್ಳಾದರೆ ತುಪ್ಪದ ಲೆಕ್ಕಾಚಾರವೂ ಸುಳ್ಳಿರಬಹುದಲ್ಲ? ಒಂದೇ ತಲೆ ತಾನೇ ಎರಡನ್ನೂ ಹೇಳಿದ್ದು? ನಾನು ಕಂಡದ್ದನ್ನು ಕಂಡದ್ದೇ ಎಂದು ಹೇಳುವವರು ಒಬ್ಬರು ಬೇಕಾಗಿತ್ತು. ಒಂದೇ ಒಂದು ಬಾಯಿ.

ಆಗ ಮಗಳ ಪ್ರಸಂಗ ನಡೆಯಿತು. ನನಗೂ ತುಪ್ಪ ಬೇಕು ಎಂದು ಅವಳು ಊಟದ ಮುಂದೆ ಅಳತೊಡಗಿದಳು. ನಾನು ನನ್ನ ಮುದ್ದೆಯಿಂದ ತುಪ್ಪ ಸೋಕಿದ ಒಂದು ತುಣುಕು ಮುರಿದು ಸಾರಿನಲ್ಲಿ ಅದ್ದಿ ಅವಳ ಬಾಯಿಗೆ ಒಯ್ದೆ. ಒಲೆಯ ಹತ್ತಿರ ಇದ್ದ ಅತ್ತೆ ಆ ವಯಸ್ಸಿನಲ್ಲಿ ಹೇಗೆ ಹಾರಿ ಬಂದರೋ ದೇವರಿಗೇ ಗೊತ್ತು. ತುತ್ತನ್ನು ನನ್ನ ಕೈಯಿಂದ ಕಿತ್ತುಕೊಂಡರು. ಎಂಜಲು ಕೊಡಬೇಡ, ಮಗುವಿಗೆ ಕೆಮ್ಮಿದೆ ಎಂದರು. ಮಗುವಿಗೆ ಕೆಮ್ಮಿರಲಿಲ್ಲ. ಆಮೇಲೆ ನೋಡುತ್ತೇನೆ, ಕಿತ್ತುಕೊಂಡ ತುತ್ತನ್ನು ಮೋರಿಗೆ ಹಾಕುತ್ತಿದ್ದಾರೆ. ನೆಲಕ್ಕೆ ಬಿದ್ದ ಅಗುಳನ್ನೂ ಆರಿಸಿ ಕೋಳಿಗೆ ಹಾಕುವ ಹೆಂಗಸು ಅನ್ನವನ್ನು ಮೋರಿಗೆ ಹಾಕಿದ್ದನ್ನು ನಾನು ಅದೇ ಮೊದಲು ಕಂಡದ್ದು.

ಪರೀಕ್ಷೆ ಮಾಡಿಯೇಬಿಡೋಣ ಎಂದು ತೀರ್ಮಾನಿಸಿದೆ. ಮಾರನೆಯ ದಿನ ಗಂಡ ಶಿಫ್ಟಿಗೆ ಹೋಗಿದ್ದರು. ನಾನೂ ಅತ್ತೆಯೂ ಎದುರುಬದುರು ಊಟಕ್ಕೆ ಕೂತೆವು. ಅವರು ಕೂತ ಮೇಲೆ, ನನಗೆ ಯಾಕೋ ತುಪ್ಪದ ವಾಸನೆಗೆ ಹೊಟ್ಟೆ ತೊಳಸುತ್ತೆ, ನೀವು ಇದನ್ನು ತಗೊಳ್ಳಿ, ನಿಮ್ಮದು ನನಗೆ ಕೊಡಿ ಎಂದು ತಟ್ಟೆ ಬದಲಾಯಿಸಿದೆ. ಅತ್ತೆ ಮುದ್ದೆ ನೋಡಿದರು, ನನ್ನನ್ನು ನೋಡಿದರು. ನಾನು ಕಣ್ಣು ಕೀಳಲಿಲ್ಲ. ಬೇಡ ಎನ್ನಲಿ ಎಂದು ಕಾಯುತ್ತಿದ್ದೆ. ಬೇಡ ಎಂದರೆ ನಾನು ಗೆದ್ದ ಹಾಗೆ. ಅವರು ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ ನುಂಗಿದರು. ಒಂದು ತುಣುಕೂ ಬಿಡಲಿಲ್ಲ. ತಟ್ಟೆಗೆ ಅಂಟಿದ್ದ ತುಪ್ಪವನ್ನೂ ಬೆರಳಿನಿಂದ ಬಳಿದು ನೆಕ್ಕಿದರು.

ನನಗೆ ನಾಚಿಕೆಯಾಯಿತು. ಆದರೂ ಅನುಮಾನ ಬಿಡಲಿಲ್ಲ. ಮಾರನೆಯ ದಿನವೂ ಬದಲಾಯಿಸಿದೆ, ಅವರು ಉಂಡರು. ಅದರ ಮಾರನೆಯ ದಿನವೂ. ದಿನಾ ತುಪ್ಪ ಬರುತ್ತಿತ್ತು, ಈ ದಿನವಾದರೂ ಇವಳು ಉಣ್ಣುತ್ತಾಳೆ ಎಂಬ ಆಸೆಯಿಂದಿರಬೇಕು. ದಿನಾ ನಾನು ಕೊನೆಯ ಗಳಿಗೆಯಲ್ಲಿ ತಟ್ಟೆ ಸರಿಸುತ್ತಿದ್ದೆ. ಐದು ದಿನ ನಾವಿಬ್ಬರೂ ಆಟ ಆಡಿದೆವು. ಈ ಐದು ದಿನದಲ್ಲಿ ನನ್ನ ಬೆರಳು ನಿಧಾನವಾಗಿ ನನಗೆ ವಾಪಸು ಬಂತು. ಇನ್ನೊಂದೂ ವಾಪಸು ಬಂತು, ಅದನ್ನು ಯಾರಿಗೂ ಹೇಳಲಿಲ್ಲ. ಐದನೆಯ ದಿನ ಸಂಜೆ ಮಗ್ಗದೊಳಗೆ ಮತ್ತೆ ಯಾರೋ ಗಂಟಲು ಸರಿಮಾಡಿಕೊಂಡಂತೆ ಕೇಳಿಸಿತು.

ಆರನೆಯ ದಿನ ಬೆಳಿಗ್ಗೆ ಅತ್ತೆ ಎಲೆಅಡಿಕೆ ಹಾಕಿಕೊಳ್ಳಲು ಕೂತಿದ್ದರು. ಸುಣ್ಣ ಸವರುವ ಬೆರಳು ಎಲೆಯ ಮೇಲೆ ನಿಲ್ಲುತ್ತಿರಲಿಲ್ಲ. ಕೈ ನಡುಗುತ್ತಿತ್ತು. ಕತ್ತು ಒಂದು ಕಡೆಗೆ ಸೆಟೆದಿತ್ತು, ಬಾಯಿಯ ಅಂಚಿನಿಂದ ಜೊಲ್ಲು. ಆ ನಡುಕ ನನಗೆ ಚೆನ್ನಾಗಿ ಗೊತ್ತು. ಅದು ನನ್ನದು. ಒಳ್ಳೆಯವಳ ಹಾಗೆ ಬರೆಯಬಹುದಾಗಿತ್ತು, ಆದರೆ ನಿಜ ಹೇಳುತ್ತೇನೆ. ಮೊದಲು ನನಗಾದದ್ದು ಸಂತೋಷ. ನನಗೆ ಹುಚ್ಚಿಲ್ಲ, ನಾನು ಕಂಡದ್ದು ನಿಜ ಎಂದು ಅಡುಗೆಮನೆಯ ಬಾಗಿಲಲ್ಲಿ ನಿಂತು ನಕ್ಕೆ. ಅತ್ತೆ ಮಾತಾಡಲು ಹೋಗಿ ದವಡೆ ತಿರುಗದೆ ನನ್ನ ಕಡೆ ನೋಡಿದಾಗಲೇ ನಗು ನಿಂತದ್ದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ, ನನ್ನ ಔಷಧವನ್ನು ಆ ಮುದುಕಿಗೆ ಐದು ದಿನ ತಿನ್ನಿಸಿದವಳು ನಾನೇ.

ಗಂಡ ಲಕ್ವ ಹೊಡೆದಿದೆ ಎಂದು ಗಾಬರಿಯಾಗಿ ಆಟೋ ತಂದರು. ಅದೇ ಧರ್ಮಾಸ್ಪತ್ರೆಗೆ ಹೋದೆವು. ಆ ದಿನ ಮಂಗಳವಾರವಲ್ಲ. ಡ್ಯೂಟಿಯಲ್ಲಿದ್ದವರು ಒಬ್ಬ ಚಿಕ್ಕ ವಯಸ್ಸಿನ ಲೇಡಿ ಡಾಕ್ಟರು, ನಮ್ಮನ್ನು ಕಂಡವರಲ್ಲ. ಅತ್ತೆಯನ್ನು ಮಂಚದ ಮೇಲೆ ಮಲಗಿಸಿ, ಕಣ್ಣಿಗೆ ಟಾರ್ಚು ಬಿಟ್ಟು ನೋಡಿ, ಸ್ಟ್ರೋಕ್ ಇರಬಹುದು, ಬೆಂಗಳೂರಿಗೆ ಕಳಿಸಿ ಸ್ಕ್ಯಾನ್ ಮಾಡಿಸಬೇಕು ಎಂದರು. ಮನೆಯಲ್ಲಿ ಇವರು ಯಾವುದಾದರೂ ಔಷಧ ತೆಗೆದುಕೊಳ್ಳುತ್ತಾರಾ ಎಂದು ಕೇಳಿದರು. ಏನೂ ಇಲ್ಲ, ಬಿಪಿ ಮಾತ್ರೆಯೂ ಇಲ್ಲ ಎಂದರು ಗಂಡ.

ನಾನು ಮುಂದೆ ಬಂದೆ. "ಮೇಡಂ, ಇವ್ರು ನನ್ ಔಷಧ ತಿಂದಿದ್ದಾರೆ. ನಂಗೆ ಗೊತ್ತಾಗ್ದಂಗೆ ಮುದ್ದೇಲಿ ಬೆರೆಸ್ತಿದ್ರು. ಐದ್ ದಿನ ತಟ್ಟೆ ಬದ್ಲಾಯ್ಸಿದ್ದೀನಿ."

ಡಾಕ್ಟರು ಗಂಡನ ಕಡೆ ತಿರುಗಿ, ಹೌದಾ ಎಂದು ಕೇಳಿದರು. ನಾನೂ ಅವರನ್ನೇ ನೋಡಿದೆ. ಮಂಚದ ಮೇಲೆ ಅವರ ಹೆತ್ತ ತಾಯಿ. ಒಂದು ಹೌದು ಸಾಕಾಗಿತ್ತು.

"ಇಲ್ಲ ಮೇಡಂ," ಎಂದರು ಗಂಡ. "ಅವ್ಳಿಗೆ ಹಂಗ್ ಅನ್ಸುತ್ತೆ. ಅವ್ಳು ಇಲ್ಲಿ ಮಂಗಳವಾರದ ಪೇಷಂಟು."

ಡಾಕ್ಟರ ಮುಖ ಮೆತ್ತಗಾಯಿತು. ಬೈದರೆ ತಡೆದುಕೊಳ್ಳಬಹುದು, ಆ ಮೆತ್ತನೆಯ ಮುಖವನ್ನು ತಡೆದುಕೊಳ್ಳಲಾಗುವುದಿಲ್ಲ. ಮಂಗಳವಾರದ ಕೋಣೆಯಲ್ಲಿ ಕಂಡ ಮುಖವೇ ಅದು. ಸರಿಯಮ್ಮ, ನೀವು ಸ್ವಲ್ಪ ಹೊರಗೆ ಕೂತಿರಿ ಎಂದು ನನ್ನ ಭುಜ ಮುಟ್ಟಿದರು. ನರ್ಸು ಆಂಬುಲೆನ್ಸಿಗೆ ಫೋನು ಮಾಡಲು ಹೊರಟಳು. ನನಗೆ ಕೂಗಬೇಕು ಎನ್ನಿಸಿತು, ಆದರೆ ಕೂಗಿದರೆ ಕೆಟ್ಟಿತು ಎಂದೂ ಗೊತ್ತಿತ್ತು. ಕೂಗುವ ಹೆಂಗಸಿಗೆ ಅಲ್ಲಿ ಇಂಜೆಕ್ಷನ್ ಇದೆ.

ಆಗ ಅತ್ತೆ ನನ್ನ ಸೆರಗು ಹಿಡಿದರು. ಇನ್ನೊಂದು ಕೈಯಿಂದ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಎಲೆಅಡಿಕೆ ಚೀಲವನ್ನು ಎಳೆಯುತ್ತಿದ್ದರು. ಅದರ ದಾರದ ಗಂಟು ಅವರ ನಡುಗುವ ಬೆರಳಿಗೆ ಸಿಗುತ್ತಿರಲಿಲ್ಲ. ನನ್ನ ಕಡೆ ನೋಡಿದರು. ನಾನು ಬಗ್ಗಿ ಒಂದೇ ಎಳೆತಕ್ಕೆ ಗಂಟು ಬಿಚ್ಚಿದೆ. ಬಾಡಿದ ಎಲೆ, ಅಡಿಕೆ ಚೂರು, ಅದರ ನಡುವೆ ಒಂದು ಪುಟ್ಟ ಬಾಟಲಿ, ಕಣ್ಣಿಗೆ ಬಿಡುವ ಔಷಧದ ಬಾಟಲಿಯಷ್ಟು. ಡಾಕ್ಟರು ಅದನ್ನು ತೆಗೆದುಕೊಂಡು ಚೀಟಿ ಓದಿದರು. ಅತ್ತೆ ಸೆಟೆದ ದವಡೆಯಲ್ಲೇ ಒಂದೊಂದು ಅಕ್ಷರ ಹೊರಡಿಸಿದರು.

"ಅವ್ಳು ಯೋಳ್ತಿರೋದು ದಿಟ. ನಾನೇ ಆಕ್ತಿದ್ದೆ."

ಗಂಡ ಗೋಡೆಯ ಕಡೆ ತಿರುಗಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದಾದರೂ ಒಂದು ಮರ್ಯಾದೆ, ಅವರು ಅದನ್ನೂ ಮಾಡಲಿಲ್ಲ. ಡಾಕ್ಟರು ಆಂಬುಲೆನ್ಸ್ ಬೇಡವೆಂದು ಹೇಳಿ ಒಂದು ಇಂಜೆಕ್ಷನ್ ಕೊಟ್ಟರು. ಸಂಜೆಯ ಹೊತ್ತಿಗೆ ಅತ್ತೆಯ ಕತ್ತು ನೆಟ್ಟಗಾಗಿ, ಕಾಫಿ ಯಾಕಿಷ್ಟು ನೀರು ಎಂದು ಕ್ಯಾಂಟೀನಿನವನನ್ನು ಬೈದರು.

ಆ ಬಾಟಲಿಯ ಕಥೆ ಆಮೇಲೆ ತಿಳಿಯಿತು. ಸಾಬರು ಮಾತ್ರೆ ತಂದುಕೊಟ್ಟ ದಿನ ಗಂಡ ನನ್ನನ್ನು ಬಿಟ್ಟು ಒಬ್ಬರೇ ಯಾವುದೋ ಕ್ಲಿನಿಕ್ಕಿಗೆ ಹೋಗಿ, ಅಲ್ಲಿಯ ಡಾಕ್ಟರಿಂದ ಬಣ್ಣವಿಲ್ಲದ, ವಾಸನೆಯಿಲ್ಲದ, ರುಚಿಯಿಲ್ಲದ ಹನಿ ಬರೆಸಿಕೊಂಡು ಬಂದಿದ್ದರು. ಎಷ್ಟೋ ಮನೆಗಳಲ್ಲಿ ಹೀಗೆಯೇ ಕೊಡುತ್ತಾರೆ, ರೋಗಿಗೆ ಹೇಳುವ ಅಗತ್ಯವಿಲ್ಲ ಎಂದಿದ್ದರಂತೆ ಅವರು. ನಾನು ಮಂಗಳವಾರದ ಡಾಕ್ಟರ ಮುಂದೆ ಹೌದು ಎಂದಾಗಲೆಲ್ಲ ಗಂಡ ಕಾಯಿಲೆ ಜಾಸ್ತಿಯಾಗಿದೆ ಎಂದು ಅಲ್ಲಿಗೆ ಹೋಗಿ ಹನಿ ಹೆಚ್ಚಿಸಿಕೊಂಡು ಬರುತ್ತಿದ್ದರು. ರುಚಿಯಿಲ್ಲ ಎಂದರೂ ಅತ್ತೆಗೆ ನಂಬಿಕೆ ಬರದೆ, ನನಗೆ ಗೊತ್ತಾದೀತು ಎಂದು ಹೆದರಿ ಮೇಲೆ ತುಪ್ಪ ಹಾಕಿದರು. ಹಾಕದೆ ಇದ್ದಿದ್ದರೆ ನನಗೆ ಯಾವತ್ತೂ ತಿಳಿಯುತ್ತಿರಲಿಲ್ಲ.

ಗೊತ್ತಿದ್ದೂ ಯಾಕೆ ತಿಂದಿರಿ ಎಂದು ಒಂದು ಸಲ ಕೇಳಿದೆ. ಕೇಳುವಾಗ ನನಗೆ ಕೋಪವೇ ಇತ್ತು.

"ತಿನ್ನಲ್ಲ ಅಂದಿದ್ರೆ ನೀನು ಇನ್ನು ನನ್ ಕೈಯಾಗೆ ಉಣ್ತಿದ್ಯೇನೇ?" ಎಂದರು. ಆಸ್ಪತ್ರೆಯಿಂದ ಬಂದ ಮಾರನೆಯ ದಿನದಿಂದಲೇ ತುಪ್ಪ ನಿಂತಿತ್ತು, ಒಂದು ದಿನವೂ ದಾಕ್ಷಿಣ್ಯಕ್ಕೆಂದು ಹಾಕಲಿಲ್ಲ. ಅದನ್ನು ಕಂಡೇ ನನಗೆ ನಂಬಿಕೆ ಬಂದದ್ದು.

ಮಂಗಳವಾರದ ಡಾಕ್ಟರು ವಿಷಯ ಕೇಳಿ ಪೆನ್ನು ಕೆಳಗಿಟ್ಟರು. ಗೊತ್ತಿದ್ದೂ ಇಲ್ಲ ಎಂದು ಯಾಕೆ ಹೇಳಿದಿರಿ ಎಂದು ಕೇಳಿದರು. ಹೌದು ಎಂದಾಗಲೆಲ್ಲ ನೀವು ಮಾತ್ರೆ ಹೆಚ್ಚು ಮಾಡಿದಿರಲ್ಲ ಎಂದೆ. ಫೈಲಿನಲ್ಲಿ ಏನು ಬರೆದಿದ್ದೀರಿ ಓದಿ ಎಂದು ಹಟ ಹಿಡಿದೆ. ಊಟದಲ್ಲಿ ಬೆರೆಸುತ್ತಾರೆಂಬ ಅನುಮಾನ ಎಂದು ಮೂರು ಕಡೆ ಇತ್ತು. ಹೊಡೆದುಹಾಕಿ ಎಂದೆ. ಹಳೆಯದನ್ನು ಹೊಡೆಯುವಂತಿಲ್ಲ ಎಂದು ಅದರ ಕೆಳಗೆ, ಅನುಮಾನ ನಿಜವಾಗಿತ್ತು ಎಂದು ಬರೆದು ತೋರಿಸಿದರು. ಆಗ ನಾನೂ ಮಗ್ಗ ಮತ್ತೆ ಗಂಟಲು ಸರಿಮಾಡಿಕೊಂಡದ್ದನ್ನು ಹೇಳಿದೆ. ಕಾಯಿಲೆ ಇದ್ದದ್ದೂ ನಿಜ, ಬೆರೆಸಿದ್ದೂ ನಿಜ. ಬೇರೆ ಮಾತ್ರೆ ಕೊಟ್ಟರು. ಕೈ ನಡುಗಿದರೆ ತಿಂಗಳು ಕಾಯದೆ ಬನ್ನಿ ಎಂದರು. ಒಂಬತ್ತು ವರ್ಷವಾಯಿತು, ಆ ಮಾತ್ರೆಯನ್ನು ನಾನೇ ಎಣಿಸಿ, ಚೀಟಿ ಓದಿ, ನನ್ನ ಕೈಯಾರೆ ನುಂಗುತ್ತೇನೆ. ಕೆಚ್ಚಲು ಮತ್ತೆ ಕರೆಯುತ್ತಾರೆ. ಅತ್ತೆ ಇದ್ದಾರೆ. ಅವರು ಕಟ್ಟಿಕೊಟ್ಟ ಮುದ್ದೆಯನ್ನು ತಿರುಗಿಸಿ ನೋಡದೆ ಉಣ್ಣುತ್ತೇನೆ.

ಉಳಿದದ್ದು ಗಂಡನ ಮಾತು. ಪೊಲೀಸ್ ಕೇಸಾಗುತ್ತದೆ ಎಂದು ಹೆದರಿ ಹಾಗೆ ಹೇಳಿದೆ ಎಂದು ಅವರು ಎಷ್ಟೋ ಸಲ ಹೇಳಿದ್ದಾರೆ, ಒಂದೆರಡು ಸಲ ಅತ್ತಿದ್ದಾರೆ. ಇರಬಹುದು. ಆದರೆ ಇಲ್ಲ ಮೇಡಂ ಎಂಬ ಆ ಮಾತು ಎಷ್ಟು ಸಲೀಸಾಗಿ ಬಂತು ಎಂದು ನಾನು ಕಿವಿಯಾರೆ ಕೇಳಿದ್ದೇನೆ. ತಾಯಿಯ ಜೀವದ ಯೋಚನೆಗಿಂತ ಬೇಗ ಬಂತು. ಬೆರೆಸಿದ ಅತ್ತೆಯ ಮೇಲೆ ನನಗೆ ಕೋಪವಿಲ್ಲ, ಇವರನ್ನು ಕ್ಷಮಿಸಲು ನನಗೆ ಆಗಿಲ್ಲ. ಕೆಟ್ಟ ಮನುಷ್ಯ ಅಲ್ಲ. ಜಗಳ ಇಲ್ಲ. ಫ್ಯಾಕ್ಟರಿಯಿಂದ ಬೆಳಗಿನ ಹೊತ್ತು ಬಿಡುವಿದ್ದ ದಿನ ಅವರೇ ಎದ್ದು ನನಗೆ ಕಾಫಿ ಮಾಡಿ ತರುತ್ತಾರೆ. ನಾನು ಇನ್ನೊಂದು ಲೋಟ ತಂದು ಅದಕ್ಕೆ ಅರ್ಧ ಕಾಫಿ ಬಗ್ಗಿಸಿ ಅವರ ಕಡೆ ಸರಿಸುತ್ತೇನೆ. ಅವರು ಕುಡಿದು, ಖಾಲಿ ಲೋಟ ನನಗೆ ಕಾಣುವ ಹಾಗೆ ಕೆಳಗಿಡುತ್ತಾರೆ. ಆಮೇಲೆ ನಾನು ಕುಡಿಯುತ್ತೇನೆ.